ಅಮರಗುನ್ ಕೆಟ್ಟ ಸುದ್ದಿ

ಮಸ್ಕಿ
18 ಜನವರಿ 1997

ಪ್ರೀತಿಯ, ತುಂಬ ತುಂಬ ಪ್ರೀತಿಯ ನಿಮಗೆ,

ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ ನೋಡಿ. ನಿಮ್ಮ ಹೆಸರು ಬರೆಯೋಣವೆಂದು ಪೆನ್ನು ಎತ್ತಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಓದಲು ಬಾರದು, ಆದರೂ ಕೈ ತಾನಾಗಿ ನಿಂತಿತು. ಮದುವೆಯ ಮಾರನೇ ದಿನ ನಾನು ನೆಂಟರೆಲ್ಲರ ಎದುರಿಗೆ "ಅಮರ್, ಚಹಾ ಆರಾಕತ್ತೈತಿ" ಎಂದು ಕೂಗಿದ್ದು ನಿಮಗೆ ನೆನಪಿರಬೇಕು. ಆಮೇಲೆ ಅತ್ತೆ ನನ್ನನ್ನು ಅಡಿಗೆಮನೆಗೆ ಕರೆದು ಹೇಳಿದ್ದು ನಿಮಗೆ ಗೊತ್ತಿಲ್ಲ. "ಗಂಡನ ಹೆಸರು ಬಾಯಾಗ ತಂದ್ರ ಆಯುಷ್ಯ ಕಡಿಮಿ ಆಕ್ಕೈತೆವಾ. ಕಾನ್ವೆಂಟಿನ್ಯಾಗ ಇದನ್ನ ಕಲಸಲಿಲ್ಲೇನು?" ಇಲ್ಲ, ಕಲಿಸಲಿಲ್ಲ. ರಾಯಚೂರಿನ ಸಿಸ್ಟರುಗಳು ನೀರಾವಿಯ ಎಂಜಿನ್ ಕಲಿಸಿದರು, ಗಂಡನ ವಿಷಯ ಅವರಿಗೂ ಗೊತ್ತಿರಲಿಲ್ಲ.

ಆದರೆ ನಾನೊಂದು ದಾರಿ ಹುಡುಕಿದ್ದೇನೆ. ನಿಮ್ಮ ಪಿಎಚ್.ಡಿ. ಪ್ರಬಂಧ ಟೈಪು ಮಾಡಲು ಸಿಂಧನೂರಿನ ಖಾದರಬಾಷಾ ಅಣ್ಣನ ಅಂಗಡಿ ಗೊತ್ತುಮಾಡಿದಿರಲ್ಲ, ಅಲ್ಲಿ ನಿನ್ನೆ ಹೊಸ ಫೈಲು ತೆರೆದೆ. ಅದಕ್ಕೆ ಹೆಸರು ಕೇಳಿತು. ನಾನು ನಿಮ್ಮ ಹೆಸರನ್ನೇ ಕೊಟ್ಟೆ. ಬಾಯಲ್ಲಿ ತರಲಿಲ್ಲ, ಬೆರಳಲ್ಲಿ ತಂದೆ. ಕಂಪ್ಯೂಟರಿಗೆ ಎಂಟೇ ಇಂಗ್ಲಿಷ್ ಅಕ್ಷರ ಹಿಡಿಯುವುದು, ಹಾಗಾಗಿ ಅಮರಗುಂಡಪ್ಪನವರು "ಅಮರಗುನ್" ಆಗಿ ನಿಂತಿದ್ದೀರಿ. ಖಾದರಬಾಷಾ ಅಣ್ಣ ನಕ್ಕಿದ್ದೇ ನಕ್ಕಿದ್ದು. "ಕ್ಯಾ ಬಾತ್ ಐತ್ರಿ ಅಕ್ಕಾರ, ಸಾಹೇಬ್ರನ್ನ ಫ್ಲಾಪಿಯಾಗ ಹಾಕ್ಕೊಂಡು ಹೊಂಟ್ರಿ" ಎಂದ. ಹೌದು, ಹಾಗೇ ಹೊರಟೆ. ಮಸ್ಕಿ ಬಸ್ಸಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಲಿಂಗಸುಗೂರಿನಿಂದ ನಮ್ಮವ್ವ ಬಂದಿದ್ದಳು. ಅಲ್ಲಿ ನಿಮಗೆ ಕೆಲಸ ಗೊತ್ತಾಗಿರುವ ಕಾಲೇಜಿಗೆ ಹತ್ತಿರವೇ ಒಂದು ಮನೆ ಖಾಲಿಯಾಗುತ್ತದಂತೆ, ಬೀದಿ ಕಡೆಗೆ ದೊಡ್ಡ ಕಿಟಕಿಗಳು. ಮಾರ್ಚ್ ಮೂವತ್ತೊಂದರೊಳಗೆ ಪ್ರಬಂಧ ಒಪ್ಪಿಸಿದರೆ ನೀವು ಧಾರವಾಡದ ಹಾಸ್ಟೆಲು ಬಿಟ್ಟು ಬರುತ್ತೀರಿ, ಏಪ್ರಿಲಿಗೆ ನಾವಿಬ್ಬರೂ ಆ ಮನೆಯಲ್ಲಿ. ತಪ್ಪಿದರೆ ಇನ್ನೊಂದು ವರ್ಷ ನೀವು ಅಲ್ಲಿ, ನಾನು ಇಲ್ಲಿ. ತಪ್ಪುವುದಿಲ್ಲ. ನಾನಿದ್ದೇನೆ. ನೀವು ಬರೆದು ಕಳಿಸುತ್ತಿರಿ, ನಾನು ಟೈಪಿಸುತ್ತಿರುತ್ತೇನೆ.

ಕಿಟಕಿಗೆ ಯಾವ ಬಣ್ಣದ ಪರದೆ? ನನಗೆ ಹಳದಿ ಇಷ್ಟ. ನೀವು ಹೋದ ಮೇಲೆ ಮನೆ ಬಹಳ ದೊಡ್ಡದಾಗಿದೆ. ಬೇಗ ಬರೆಯಿರಿ, ಉದ್ದ ಬರೆಯಿರಿ.

ನಿಮ್ಮವಳೇ ಆದ
ವೀರಾ
(ವೀರಭದ್ರಮ್ಮ ಎಂದು ನೀವು ಬರೆದರೆ ನಾನು ಪತ್ರ ಒಡೆಯುವುದಿಲ್ಲ)


ಧಾರವಾಡ
27 ಜನವರಿ 1997

ವೀರಾ,

ಪತ್ರ ತಲುಪಿತು. ಎರಡು, ಮೂರು, ನಾಲ್ಕನೇ ಅಧ್ಯಾಯಗಳನ್ನು ಲಗತ್ತಿಸಿದ್ದೇನೆ. ಗೊರೇಬಾಳ ಮತ್ತು ತುರ್ವಿಹಾಳದ ಗದ್ದೆಗಳಿಂದ ತೆಗೆದ ಮಣ್ಣಿನ ಉಪ್ಪಿನಂಶದ ಕೋಷ್ಟಕಗಳು ನಾಲ್ಕನೆಯದರಲ್ಲಿವೆ. ಅಂಕಿಗಳನ್ನು ಎರಡು ಸಲ ನೋಡು.

ಒಂದು ಮುಖ್ಯ ಮಾತು. ಇಲ್ಲಿ ಒಬ್ಬನ ಪ್ರಬಂಧ ಫೈಲು ದೊಡ್ಡದಾಗಿ ಕೆಟ್ಟುಹೋಯಿತು, ತೆರೆಯಲೇ ಇಲ್ಲ. ಒಂದೊಂದು ಅಧ್ಯಾಯಕ್ಕೆ ಒಂದೊಂದು ಫೈಲು ಮಾಡು. ಪ್ರತಿಯೊಂದನ್ನೂ ಇನ್ನೊಂದು ಫ್ಲಾಪಿಗೆ ನಕಲು ಮಾಡಿಡು. ಡ್ರೈವಿನ ದೀಪ ಆರುವವರೆಗೆ ಫ್ಲಾಪಿ ಹೊರಗೆ ತೆಗೆಯಬೇಡ.

ಅವ್ವನ ಮೊಣಕಾಲಿಗೆ ಎಣ್ಣೆ ತಂದುಕೊಡು. ಆರೋಗ್ಯ ನೋಡಿಕೋ.

ಅಮರ


ಮಸ್ಕಿ
9 ಫೆಬ್ರುವರಿ 1997

ನನ್ನ ಜಿಪುಣ ಯಜಮಾನರಿಗೆ,

ನಿಮ್ಮ ಪತ್ರವನ್ನು ಓದಿ, ಹಿಂದೆ ತಿರುಗಿಸಿ ನೋಡಿದೆ, ಅಲ್ಲೇನಾದರೂ ಇದೆಯೇ ಎಂದು. ಇರಲಿಲ್ಲ. ಲಕೋಟೆಯೊಳಗೂ ಊದಿ ನೋಡಿದೆ. ಆದರೂ "ಆರೋಗ್ಯ ನೋಡಿಕೋ" ಎಂದಿದ್ದೀರಿ. ಆ ಎರಡು ಪದಗಳನ್ನು ನಾನು ಹೇಗೆ ಹೇಗೋ ಓದಿಕೊಂಡೆ, ಕೇಳಿದರೆ ನಾಚುತ್ತೀರಿ.

ಬೇರೆ ಬೇರೆ ಫೈಲು ಮಾತ್ರ ಮಾಡುವುದಿಲ್ಲ. ಅಮರಗುನ್ ಎಂಬ ಹೆಸರು ಒಂದಕ್ಕೇ ಸರಿ. ನಾವು ಬೇರೆ ಬೇರೆ ಇರುವುದು ಸಾಲದೇ, ಅಧ್ಯಾಯಗಳಾದರೂ ಒಟ್ಟಿಗಿರಲಿ. ಈಗ ನಾಲ್ಕು ಅಧ್ಯಾಯ ಸೇರಿ ದಪ್ಪಗಾಗಿದ್ದೀರಿ. ತೆರೆಯಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಖಾದರಬಾಷಾ ಅಣ್ಣ ಚಹಾ ತರಿಸುತ್ತಾನೆ.

ಮೊನ್ನೆ ಬಹಳ ಮಜಾ ಆಯಿತು. ಫೈಲು ಉಳಿಸಲು ಹಚ್ಚಿದ್ದೆ, ಫ್ಲಾಪಿ ಕಟಕಟ ಎನ್ನುತ್ತಿತ್ತು. ಹೊರಗೆ ಬುಡ್ಡೇಸಾಬ್ ಕಂಡಕ್ಟರು ಬಸ್ಸಿನ ತಗಡು ಬಡಿಯುತ್ತ, "ಮಸ್ಕಿ ಅಕ್ಕಾರ, ಬರ್ತೀರೋ, ನಾ ಮುದಗಲ್ ಮಂದಿನ್ನ ನಿಮ್ಮ ಸೀಟಿನ್ಯಾಗ ಕುಂದ್ರಸಲೋ?" ಎಂದು ಕೂಗಿದರು. ದೀಪ ಇನ್ನೂ ಮಿಣುಕುತ್ತಿತ್ತು. ನಾನು ಫ್ಲಾಪಿ ಎಳೆದುಕೊಂಡು ಓಡಿದೆ. ಮರುದಿನ ತೆರೆದರೆ ಎಲ್ಲವೂ ಇತ್ತು. ನಿಮ್ಮ ಗೆಳೆಯರು ಸುಮ್ಮನೆ ಹೆದರಿಸುತ್ತಾರೆ.

ಇಲ್ಲಿ ಎಲ್ಲರೂ ಒಳ್ಳೆಯವರು. ಅತ್ತೆ ನನ್ನ ತಟ್ಟೆಗೆ ಕೇಳದೆಯೇ ಬೆಣ್ಣೆ ಹಾಕುತ್ತಾರೆ. ಆದರೆ ರೊಟ್ಟಿ, ಹಿಂಡಿ, ಎಮ್ಮೆ ಬಿಟ್ಟರೆ ಮಾತಿಲ್ಲ. ನಾನು ಒಂದು ಜೋಕು ಹೇಳಿದರೆ "ಹೌದೇನು" ಎಂದು ಏಳುತ್ತಾರೆ. ಬಸ್ಸು ಗದ್ದೆಗಳ ನಡುವೆ ಬರುವಾಗ ನೋಡುತ್ತೇನೆ. ಕೆಲವು ಮಡಿಗಳಲ್ಲಿ ಪೈರು ಹಸಿರಾಗಿದೆ, ಪಕ್ಕದಲ್ಲೇ ಸವಳು ಹತ್ತಿದ ನೆಲ ಬೆಳ್ಳಗೆ ಬಿದ್ದಿದೆ. ಇದನ್ನೇ ಅಲ್ಲವೇ ನೀವು ವರ್ಷಗಟ್ಟಲೆ ನೋಡಿದ್ದು ಎಂದುಕೊಳ್ಳುತ್ತೇನೆ. ಪಕ್ಕದ ಸೀಟಿನವರಿಗೆ ಹೇಳಬೇಕೆನಿಸುತ್ತದೆ. ಒಮ್ಮೆ ಹೇಳಿಯೂ ಬಿಟ್ಟೆ. ಆಕೆ ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು.

ಲಿಂಗಸುಗೂರಿನ ಮನೆಗೆ ಅವ್ವ ಮಾತಾಡಿದ್ದಾಳೆ. ಪರದೆ ಹಳದಿ ಎಂದೇ ಇಟ್ಟುಕೊಳ್ಳಲೇ? ಅಡಿಗೆಮನೆ ಕಿಟಕಿಗೆ ಬೇಡ, ಹೊಗೆ ಹಿಡಿಯುತ್ತದೆ. ಮಲಗುವ ಕೋಣೆಗೆ ಒಳಗೆ ಅಸ್ತರಿ ಹಾಕಿಸುತ್ತೇನೆ.

ಕಾಯುವ
ವೀರಾ


ಧಾರವಾಡ
20 ಫೆಬ್ರುವರಿ 1997

ವೀರಾ,

ಐದನೆಯ ಮತ್ತು ಕೊನೆಯ ಅಧ್ಯಾಯ ಕಳಿಸಿದ್ದೇನೆ. ನಾಲ್ಕನೆಯದರ ಕೈಬರಹದ ಹಾಳೆಗಳು ವಾಪಸು ಬಂದವು. ಮುದ್ರಿಸಿ ಕಳಿಸಿದ ಪುಟಗಳಲ್ಲಿ ತಪ್ಪುಗಳಿಗೆ ಕೆಂಪು ಗುರುತು ಹಾಕಿದ್ದೇನೆ. ಗೈಡ್ ಸರ್ ಮಾರ್ಚ್ ಇಪ್ಪತ್ತರೊಳಗೆ ಪೂರ್ತಿ ಪ್ರತಿ ಕೇಳಿದ್ದಾರೆ.

ಪರದೆ ಬಟ್ಟೆ ಈಗಲೇ ಕೊಳ್ಳಬೇಡ.

ಅಮರ


ಮಸ್ಕಿ
3 ಮಾರ್ಚ್ 1997

ಪ್ರೀತಿಯ ನಿಮಗೆ,

ಪರದೆ ಕೊಳ್ಳಬೇಡ ಎಂದಿರಿ. ನೀವೂ ಜೊತೆಗೆ ಬಂದು ಆರಿಸುತ್ತೀರಿ ಎಂದಲ್ಲವೇ? ಅಷ್ಟು ಹೇಳಲು ಇಷ್ಟು ದಿನ ಬೇಕಾಯಿತೇ? ಸರಿ, ಕೊಳ್ಳುವುದಿಲ್ಲ.

ಕೆಲಸ ಚೆನ್ನಾಗಿ ಸಾಗಿದೆ. ಕೊನೆಯ ಅಧ್ಯಾಯ ಮುಗಿಯಿತು. ಈಗ ದಿನವೂ ಸಿಂಧನೂರಿಗೆ ಹೋಗುತ್ತಿದ್ದೇನೆ, ಸಣ್ಣಪುಟ್ಟ ತಿದ್ದುಪಡಿಗೆ. ಏನೂ ಚಿಂತೆ ಮಾಡಬೇಡಿ.

ನಾಲ್ಕನೇ ಅಧ್ಯಾಯದ ಗೊರೇಬಾಳದ ದೊಡ್ಡ ಕೋಷ್ಟಕ, ನೀವು ಕೈಯಲ್ಲಿ ಬರೆದ ಆ ಹಾಳೆ, ನಿಮ್ಮ ಬಳಿ ಇದೆಯೇ? ಇದ್ದರೆ ಮರುಟಪಾಲಿಗೆ ಕಳಿಸಿ. ಸುಮ್ಮನೆ, ಇನ್ನೊಮ್ಮೆ ಹೋಲಿಸಿ ನೋಡೋಣವೆಂದು.

ಇಲ್ಲಿ ಬಿಸಿಲು ಜೋರಾಗಿದೆ.

ವೀರಾ


ಧಾರವಾಡ
10 ಮಾರ್ಚ್ 1997

ವೀರಾ,

ಕೇಳಿದ ಹಾಳೆ ಇದರೊಂದಿಗಿದೆ.

ನಿನ್ನೆ ಅವ್ವನ ಪತ್ರ ಬಂತು. ಕೈಬರಹ ಮಸ್ಕಿಯ ಫೋನ್ ಅಂಗಡಿಯ ಆದೆಪ್ಪನದು, ಮಾತು ಅವ್ವನದೇ. "ನೀ ಖರಾಬ್ ಆಗೀದಿ ಅಂತ ಸಿಂಧನೂರಿಂದ ಆದೆಪ್ಪನ ಅಂಗಡಿಗೆ ಫೋನ್ ಬಂತು. ಅದನ್ನ ಕೇಳಿ ನಿನ್ನ ಹೇಣ್ತಿ ಮಕ ಸಣ್ಣದು ಮಾಡಿಕೊಂಡು ಬಸ್ ಹತ್ತಿ ಹೋದಳು. ಸಂಜೀಕ ಬಂದ ಮ್ಯಾಲೆ ಕೇಳಿದ್ರ ಬಾಯಿ ಬಿಡುವಲ್ಲಳು. ಉಣ್ಣಲಿಲ್ಲ. ಏನ್ ಮಾಡೀದಿ ಹೇಳಪಾ" ಎಂದು ಬರೆಸಿದ್ದಾಳೆ.

ಯಾರು ಫೋನು ಮಾಡಿದರೆಂದು ನಾನು ಕೇಳುವುದಿಲ್ಲ. ಸಿಂಧನೂರಿನವರು ಇಲ್ಲಿ ಎಷ್ಟೋ ಜನ ಬಂದುಹೋಗುತ್ತಾರೆ. ನಾನು ಹೇಳಬೇಕಾದದ್ದು ನಿನಗೆ ಬೇರೆಯವರ ಬಾಯಿಂದ ತಿಳಿಯಿತಲ್ಲ, ಅದಕ್ಕೆ ತಲೆ ತಗ್ಗಿಸುತ್ತೇನೆ.

ಗೈಡ್ ಸರ್ ಇದೇ ಸವಳು ಮಣ್ಣಿನ ಮೇಲೆ ಎರಡು ವರ್ಷದ ಹೊಸ ಯೋಜನೆ ತಂದಿದ್ದಾರೆ. ಫೆಬ್ರುವರಿ ಎರಡನೇ ವಾರ ನನ್ನನ್ನು ಕರೆದು ಇರುತ್ತೀಯಾ ಎಂದರು. ಅಲ್ಲೇ ಸಹಿ ಹಾಕಿದೆ. ಮನೆಗೆ ಕೇಳಿ ಹೇಳುತ್ತೇನೆ ಎನ್ನಲಿಲ್ಲ. ಲಿಂಗಸುಗೂರಿನ ಕಾಲೇಜಿಗೆ ಬರುವುದಿಲ್ಲವೆಂದು ಬರೆದೂ ಆಯಿತು. ಸಿಗುವ ಹಣ ಸಣ್ಣದು, ಹಾಸ್ಟೆಲಿನಲ್ಲಿ ಹೆಂಡತಿಯನ್ನು ಇರಿಸಿಕೊಳ್ಳುವಂತಿಲ್ಲ. ಅಂದರೆ ಇನ್ನೂ ಎರಡು ವರ್ಷ ಹೀಗೇ.

ಅಂದೇ ನಿನಗೆ ಬರೆಯಲು ಕುಳಿತೆ. ಅಂದೇ ನಿನ್ನ ಪತ್ರ ಬಂತು. ಮಲಗುವ ಕೋಣೆಯ ಪರದೆಗೆ ನೀನು ಅಸ್ತರಿ ಹಾಕಿಸುತ್ತಿದ್ದೆ. ಬರೆದದ್ದನ್ನು ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಕೊನೆಗೆ ಉಳಿದದ್ದು ಪರದೆ ಈಗಲೇ ಕೊಳ್ಳಬೇಡ ಎಂಬ ಸಾಲೊಂದೇ.

ನೀನು ಬೈದು ಬರೆದರೆ ಓದುತ್ತೇನೆ. ಬರೆಯದೆ ಇರಬೇಡ.

ಅಮರ


ಮಸ್ಕಿ
15 ಮಾರ್ಚ್ 1997

ನಿಮಗೆ,

ನನಗೆ ಯಾರೂ ಏನೂ ಹೇಳಿರಲಿಲ್ಲ. ನೀವು ಬರೆದ ಮೇಲೆಯೇ ತಿಳಿಯಿತು.

ಖರಾಬ್ ಆದದ್ದು ನೀವಲ್ಲ, ಫೈಲು. ಮಾರ್ಚ್ ಒಂದರಂದು ಖಾದರಬಾಷಾ ಅಣ್ಣ ಮುದ್ರಿಸಲು ಹೋದರೆ ಅದು ತೆರೆದುಕೊಂಡು, ಅರ್ಧಕ್ಕೆ ಬಂದು ಕಲ್ಲಾಗಿ ನಿಂತಿತು. ಪುಟಸಂಖ್ಯೆಗಳೆಲ್ಲ ಒಂದು ಎಂದು ತೋರಿಸಿತು. ಕೋಷ್ಟಕವಿದ್ದ ಕಡೆ ಚೌಕಾಕಾರದ ಕಸ. ಅವನು ಗಾಬರಿಯಾಗಿ ಆದೆಪ್ಪನಿಗೆ ಫೋನು ಹಚ್ಚಿ, "ಅಮರಗುನ್ ಖರಾಬ್ ಆಗ್ಯಾದ, ಅಕ್ಕಾರನ್ನ ಕಳಸ್ರಿ" ಎಂದ. ಅಮರಗುನ್ ಎಂದರೆ ಆದೆಪ್ಪನಿಗೇನು ಗೊತ್ತು? ಬೀದಿಯಲ್ಲಿ ನಿಂತು ಅತ್ತೆಯನ್ನು ಕರೆದು, "ಶೇಖರಮ್ಮಾರ, ನಿಮ್ಮ ಅಮರಗುಂಡಪ್ಪ ಖರಾಬ್ ಆಗ್ಯಾನಂತ್ರಿ" ಎಂದು ನಾಲ್ಕು ಮನೆಗೆ ಕೇಳುವಂತೆ ಕೂಗಿದ. ನಾನು ಅತ್ತೆಗೆ ನಿಜ ಹೇಳಬಹುದಿತ್ತು. ಹೇಳಿದರೆ ಫೈಲಿಗೆ ನಿಮ್ಮ ಹೆಸರಿಟ್ಟದ್ದನ್ನೂ ಹೇಳಬೇಕಿತ್ತು. ನಾಚಿಕೆಗೆ ಸುಮ್ಮನಾದೆ. ನಿಮಗೂ ಹೇಳಲಿಲ್ಲ, ನಿಮ್ಮ ಮಾತು ಮೀರಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ತುಂಬಿದವಳು ನಾನೇ ಆದ್ದರಿಂದ.

ನಿಮ್ಮ ಪತ್ರ ಬಂದಾಗ ಅತ್ತೆ ಎದುರಿಗೇ ಕೂತಿದ್ದರು. "ಏನ್ ಬರದಾನ, ಜ್ವಾರ್ ಓದು" ಎಂದರು. ನಾನು ನಿಮ್ಮ ಸಾಲುಗಳನ್ನು ಬಿಟ್ಟು ಗೊರೇಬಾಳದ ಹಾಳೆ ಎತ್ತಿಕೊಂಡು ಉಪ್ಪಿನ ಅಂಕಿಗಳನ್ನು ಓದಿದೆ. ಸ್ವಲ್ಪ ಹೊತ್ತು ಕೇಳಿ, "ಮಣ್ಣಿನ ಸುದ್ದಿ ಓದಾಕ ಕಣ್ಣಾಗ ಯಾಕ ನೀರು?" ಎಂದರು.

ಮರುದಿನ ಅವರನ್ನು ಅಂಗಡಿಗೆ ಕರೆದುಕೊಂಡು ಹೋದೆ. ಕಂಪ್ಯೂಟರಿನ ಪರದೆಯ ಮೇಲೆ ಹೆಸರು ತೋರಿಸಿ, ಎಂಟೇ ಅಕ್ಷರ ಹಿಡಿಯುವುದನ್ನು ವಿವರಿಸಿದೆ. ಕೆಟ್ಟದ್ದು ಇದು, ಮಗನಲ್ಲ ಎಂದೆ. ಅವರು ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ನೋಡಿದರು.

"ನನ್ನ ಮಗನ ಹೆಸರು ಅರ್ಧಕ್ಕ ಕಡದೀರಿ. ಕೆಡದ ಏನ್ ಮಾಡತೈತಿ?"

"ಐದು ಅಕ್ಷರ ಜಾಸ್ತಿ ಆತ್ರಿ ಅಮ್ಮಾ ನಿಮ್ಮ ಮಗಂದು" ಎಂದ ಖಾದರಬಾಷಾ ಅಣ್ಣ.

"ನಿನ್ನ ಹೆಸರೇನು ಸಣ್ಣದೈತೇನಪಾ? ನಿಂದೂ ಹಾಕಿ ನೋಡು, ಎಷ್ಟು ಉಳೀತಿ."

ಆ ದಿನ ನಾನೂ ನಕ್ಕೆ. ಅತ್ತೆ ಸಂಜೆಯವರೆಗೆ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಆ ಅಂಗಡಿಯಲ್ಲಿ ಅದಕ್ಕೆ ಮೊದಲು ಯಾರೂ ನನ್ನ ಪಕ್ಕದಲ್ಲಿ ಕೂತಿರಲಿಲ್ಲ.

ಈಗ ಫೈಲಿನ ವಿಷಯ. ಪ್ರೋಗ್ರಾಮಿನ ದಪ್ಪ ಇಂಗ್ಲಿಷ್ ಪುಸ್ತಕವನ್ನು ಅಂಗಡಿಯವರು ಎತ್ತರಕ್ಕೆಂದು ಮಾನಿಟರಿನ ಕೆಳಗಿಟ್ಟಿದ್ದರು. ಅದನ್ನು ಎಳೆದು ಓದಿದೆ. ಬೇಗ ಉಳಿಸುವ ಒಂದು ಸೌಕರ್ಯವಿದೆ, ಅದು ತಿದ್ದುಪಡಿಗಳನ್ನೆಲ್ಲ ಫೈಲಿನ ಬಾಲಕ್ಕೆ ಕಟ್ಟುತ್ತಾ ಹೋಗುತ್ತದೆ, ಫೈಲು ಊದುತ್ತದೆ. ಆ ಸೌಕರ್ಯವನ್ನು ನಿಲ್ಲಿಸಿದೆ. ನೇರವಾಗಿ ಫ್ಲಾಪಿಗೆ ಉಳಿಸುವುದನ್ನು ಬಿಟ್ಟೆ, ಈಗ ಮೊದಲು ಕಂಪ್ಯೂಟರಿನಲ್ಲೇ ಉಳಿಸಿ, ಮುಚ್ಚಿ, ಆಮೇಲೆ ನಕಲು ಮಾಡುತ್ತೇನೆ.

ಕೆಟ್ಟ ಜಾಗ ಹುಡುಕಲು ಮೊದಲರ್ಧವನ್ನು ಹೊಸ ಫೈಲಿಗೆ ಹಾಕಿದೆ. ಸರಿಯಿತ್ತು. ಉಳಿದರ್ಧವನ್ನು ಮತ್ತೆ ಅರ್ಧ ಮಾಡಿದೆ. ಹೀಗೆ ಅರ್ಧ ಮಾಡುತ್ತಾ ಹೋದರೆ ಕೊನೆಗೆ ಸಿಕ್ಕಿದ್ದು ಗೊರೇಬಾಳದ ಕೋಷ್ಟಕ. ಅದನ್ನು ಅಳಿಸಿ ನೀವು ಕಳಿಸಿದ ಹಾಳೆಯಿಂದ ಹೊಸದಾಗಿ ಟೈಪಿಸಿದೆ. ಆದರೂ ಹೊಸ ಫೈಲಿನಲ್ಲಿ ಪುಟಸಂಖ್ಯೆ ಹುಚ್ಚುಹುಚ್ಚಾಗೇ ಇತ್ತು. ಕಡತದ ಕಟ್ಟಕಡೆಗೆ, ಕೊನೆಯ ಪ್ಯಾರಾ ಮುಗಿದಲ್ಲಿ, ಒಂದು ಗುರುತಿರುತ್ತದೆ. ಸಾಮಾನ್ಯವಾಗಿ ಕಾಣುವುದಿಲ್ಲ, ತೋರಿಸು ಎಂದರೆ ತೋರುತ್ತದೆ. ಇಡೀ ಕಡತದ ಕಟ್ಟುಪಾಡು ಅದರಲ್ಲಿ ಕೂತಿರುತ್ತದಂತೆ, ಕೆಡುಕೂ ಅಲ್ಲೇ ಕೂರಬಹುದಂತೆ. ನಾನು ಪ್ರತಿ ಸಲವೂ ಅದನ್ನೂ ಸೇರಿಸಿ ಎತ್ತಿಕೊಂಡು ಬರುತ್ತಿದ್ದೆ. ಅದೊಂದನ್ನು ಹಿಂದೆ ಬಿಟ್ಟು ಮಿಕ್ಕದ್ದನ್ನೆಲ್ಲ ತಂದೆ. ಸರಿಹೋಯಿತು.

ಈಗ ಐದು ಅಧ್ಯಾಯ, ಐದು ಫೈಲು. ಹೆಸರು ಒಂದು, ಎರಡು, ಮೂರು ಎಂದಷ್ಟೇ. ಮುದ್ರಿಸಿದ ಪ್ರತಿ ಮತ್ತು ಫ್ಲಾಪಿಗಳನ್ನು ರಿಜಿಸ್ಟರ್ ಪಾರ್ಸೆಲ್ ಮಾಡಿದ್ದೇನೆ, ಇನ್ನೊಂದು ಜೊತೆ ನನ್ನ ಬಳಿ ಇದೆ. ಇಪ್ಪತ್ತರೊಳಗೆ ನಿಮಗೆ ಸಿಗುತ್ತದೆ.

ಎರಡು ವರ್ಷದ ಬಗ್ಗೆ ಏನು ಬರೆಯಬೇಕೆಂದು ತಿಳಿಯುತ್ತಿಲ್ಲ. ನೀವು ಹರಿದ ಪತ್ರಗಳಲ್ಲಿ ಒಂದನ್ನಾದರೂ ಕಳಿಸಬೇಕಿತ್ತು.

ವೀರಾ


ಧಾರವಾಡ
26 ಮಾರ್ಚ್ 1997

ವೀರಾ,

ಮೊನ್ನೆ ಪ್ರಬಂಧ ಒಪ್ಪಿಸಿದೆ. ಗೈಡ್ ಸರ್ ಪುಟ ತಿರುವುತ್ತಾ ಯಾರು ಟೈಪಿಸಿದ್ದು ಎಂದರು. ನನ್ನ ಹೆಂಡತಿ ಎಂದೆ. ಮದುವೆಯಾಗಿದೆಯೇ ನಿನಗೆ ಎಂದರು. ಇಷ್ಟು ದಿನ ಅವರಿಗೆ ಅದನ್ನೂ ಹೇಳಿರಲಿಲ್ಲ ನಾನು.

ನೀನು ಅಲ್ಲಿ ಹೇಗೆ ಕೂತಿದ್ದೆ, ಮಧ್ಯಾಹ್ನ ಏನು ತಿಂದೆ ಎಂದು ಒಂದು ಪತ್ರದಲ್ಲೂ ಕೇಳಲಿಲ್ಲ. ನನಗೆ ಕೇಳಲು ಬರುವುದಿಲ್ಲ. ಮನೆಯಲ್ಲಿ ಅಪ್ಪನೂ ಕೇಳುತ್ತಿರಲಿಲ್ಲ, ಅವ್ವ ಹೇಳುತ್ತಿರಲಿಲ್ಲ. ಹಾಗೇ ಬೆಳೆದೆವು. ನಿನ್ನ ಪತ್ರ ಬಂದರೆ ಮೊದಲು ಮೆಸ್ಸಿಗೆ ಹೋಗಿ ಊಟ ಮುಗಿಸಿ ಬಂದು, ಬಾಗಿಲು ಹಾಕಿಕೊಂಡು ಓದುತ್ತೇನೆ. ಓದುವಾಗ ಕೋಣೆಯಲ್ಲಿ ಯಾರೋ ಮಾತಾಡಿದಂತಿರುತ್ತದೆ. ಉತ್ತರ ಬರೆಯಲು ಕೂತರೆ ನಾನು ಒಬ್ಬನೇ ಇರುತ್ತೇನೆ, ಅಧ್ಯಾಯದ ಸಂಖ್ಯೆ ಬಿಟ್ಟು ಏನೂ ಹೊಳೆಯುವುದಿಲ್ಲ. ಭಾನುವಾರ ಸಂಜೆ ಮೆಸ್ಸಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ನಡೆದು, ಸಿಂಧನೂರು ಎಂದು ಬೋರ್ಡಿರುವ ಬಸ್ಸು ಹೊರಡುವುದನ್ನು ನೋಡಿ ವಾಪಸು ಬರುತ್ತೇನೆ. ಇದನ್ನು ಯಾಕೆ ಬರೆಯುತ್ತಿದ್ದೇನೋ.

ನೀನು ಹೇಳಿದರೆ ಯೋಜನೆ ಬಿಡುತ್ತೇನೆ. ಕಾಲೇಜಿನವರನ್ನು ಮತ್ತೆ ಕೇಳಿಕೊಳ್ಳುತ್ತೇನೆ, ಅವರು ಒಪ್ಪಿದರೆ ಆಯಿತು. ನೀನು ಹೇಳಿದಂತೆ ಮಾಡುತ್ತೇನೆ.

ಅಮರ


ಮಸ್ಕಿ
2 ಏಪ್ರಿಲ್ 1997

ನಿಮಗೆ,

ಈ ಸಲ ಅತ್ತೆಗೆ ನಿಮ್ಮ ಎರಡೂ ಪತ್ರಗಳನ್ನು ಒಂದೂ ಸಾಲು ಬಿಡದೆ ಓದಿದೆ. ಅವರು ಶೇಂಗಾ ಸುಲಿಯುತ್ತಿದ್ದರು. ಅಪ್ಪನ ಮಾತು ಬಂದಾಗ ಕೈ ನಿಂತಿತು. ಮತ್ತೆ ಸುಲಿದರು.

"ಹೋಗ್ತೀಯೇನು?" ಎಂದರು.

"ಹೋಗತೀನ್ರಿ."

"ಅವ ಕರದಾನೇನು?"

"ಇಲ್ರಿ."

ಬುಟ್ಟಿಯ ಸಿಪ್ಪೆಯನ್ನೆಲ್ಲ ಹೊರಗೆ ಚೆಲ್ಲಿ ಬಂದು, "ಜ್ವಾಳದ ಹಿಟ್ಟು ಎಷ್ಟು ಕಟ್ಟಲಿ?" ಎಂದರು.

ಯೋಜನೆ ಬಿಡಬೇಡಿ. ಲಿಂಗಸುಗೂರಿನ ಮನೆ ಬೇಡವೆಂದು ಅವ್ವನಿಗೆ ಹೇಳಿದ್ದೇನೆ. ಧಾರವಾಡದಲ್ಲಿ ಪ್ರಬಂಧ ಟೈಪಿಸುವ ಅಂಗಡಿಗಳು ಇದ್ದೇ ಇರುತ್ತವೆ, ಕೆಟ್ಟ ಫೈಲುಗಳೂ ಇರುತ್ತವೆ. ಒಂದು ಕೋಣೆ, ಒಂದು ನಲ್ಲಿ ಇದ್ದರೆ ಸಾಕು. ನೀವು ಮಾತಾಡದಿದ್ದರೂ ನಡೆಯುತ್ತದೆ. ಇಲ್ಲಿ ಅಭ್ಯಾಸವಾಗಿದೆ. ಆದರೆ ಎದುರಿಗೆ ಕೂತು ಮಾತಾಡದೆ ಇರಿ.

ಹದಿಮೂರನೇ ತಾರೀಖು ಭಾನುವಾರ ಸಂಜೆಯೊಳಗೆ ಬರುತ್ತೇನೆ. ಒಬ್ಬಳೇ. ನೀವು ಬಸ್‌ಸ್ಟ್ಯಾಂಡಿಗೆ ಬರಬೇಡಿ, ಹಾಸ್ಟೆಲಿನ ದಾರಿ ನಾನು ಕೇಳಿಕೊಳ್ಳುತ್ತೇನೆ. ಆ ಹೊತ್ತಿನಲ್ಲಿ ನೀವು ಮನೆ ಹುಡುಕುತ್ತಿರಿ.

ವೀರಭದ್ರಮ್ಮ